ಓದುಗರ ಪ್ರಶ್ನೆ: ಜಾವಾದ ‘ವೆತೊನ್’ ಎಂದರೆ ನಮ್ಮ ಜನ್ಮನಕ್ಷತ್ರವೇ?

ಪ್ರಶ್ನೆ: ಇಂಡೊನೇಷ್ಯಾದ ಸಹೋದ್ಯೋಗಿಯೊಬ್ಬರು ನನ್ನ ಹುಟ್ಟಿದ ತಾರೀಖು ಕೇಳಿ, ‘ನಿಮ್ಮ ವೆತೊನ್ ಕಮಿಸ್ ಪೊನ್, ನೆಪ್ತು ಹದಿನೈದು’ ಎಂದು ಹೇಳಿ ನನ್ನ ಸ್ವಭಾವವನ್ನೆಲ್ಲ ವಿವರಿಸಿದರು. ಇದು ನಮ್ಮ ಜ್ಯೋತಿಷ್ಯವೇ ಅಲ್ಲಿಗೆ ಹೋಗಿ ಬೇರೆ ಹೆಸರು ಪಡೆದದ್ದಲ್ಲವೇ? ಜಾತಕ ಕೊಟ್ಟರೆ ಅವರು ಇನ್ನೂ ಖಚಿತವಾಗಿ ಹೇಳಬಲ್ಲರೇ?

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಯೋಗ್ಯಕರ್ತ ನೋಡಿ ಬಂದವರು, ಜಕಾರ್ತದಲ್ಲಿ ನೌಕರಿ ಮಾಡುವವರು, ಅಲ್ಲಿನ ಮನೆತನದೊಂದಿಗೆ ಸಂಬಂಧ ಬೆಳೆಸಲು ಹೊರಟವರು, ಎಲ್ಲರೂ ಒಂದೇ ಊಹೆಯನ್ನು ಪ್ರಶ್ನೆಯ ರೂಪದಲ್ಲಿ ಕಳುಹಿಸುತ್ತಾರೆ. ಉತ್ತರ ಎರಡೇ ಮಾತಿನದು: ವೆತೊನ್ ಜನ್ಮನಕ್ಷತ್ರವಲ್ಲ, ನಿಮ್ಮ ಜಾತಕದಿಂದ ಅವರಿಗೆ ಯಾವ ಪ್ರಯೋಜನವೂ ಇಲ್ಲ, ಹುಟ್ಟಿದ ತಾರೀಖು ಮತ್ತು ಹುಟ್ಟಿದ್ದು ಸೂರ್ಯಾಸ್ತಕ್ಕೆ ಮೊದಲೋ ಆಮೇಲೋ ಎಂಬುದು ತಿಳಿದರೆ ಸಾಕು. ಹೀಗೆ ಚುಟುಕಾಗಿ ಹೇಳಿದಾಗಲೆಲ್ಲ ‘ಆದರೂ ಮೂಲ ನಮ್ಮದೇ ತಾನೇ’ ಎಂಬ ಮರುಪ್ರಶ್ನೆ ಬಂದೇ ಬರುವುದರಿಂದ, ಈ ಸಲ ವಿವರವಾಗಿಯೇ ಬರೆಯುತ್ತೇನೆ.

ಜಾವಾದವರು ಎರಡು ವಾರಗಳನ್ನು ಒಟ್ಟೊಟ್ಟಿಗೆ ಎಣಿಸುತ್ತಾರೆ. ಒಂದು ನಮಗೆ ಗೊತ್ತಿರುವ ಏಳು ದಿನಗಳದು. ಇನ್ನೊಂದು ಲೆಗಿ, ಪಾಹಿಂಗ್, ಪೊನ್, ವಗೆ, ಕ್ಲಿವೊನ್ ಎಂಬ ಐದು ದಿನಗಳದು, ಅದಕ್ಕೆ ಪಸಾರನ್ ಎನ್ನುತ್ತಾರೆ. ಐದು ದಿನಕ್ಕೊಮ್ಮೆ ಸಂತೆ ಕೂಡುತ್ತಿದ್ದ ಪದ್ಧತಿಗೆ ಸೇರಿದ ಎಣಿಕೆ ಇದು; ಸುರಕರ್ತ ನಗರದ ಪಸಾರ್ ಲೆಗಿ, ಪಸಾರ್ ಕ್ಲಿವೊನ್ ಎಂಬ ಸ್ಥಳನಾಮಗಳಲ್ಲಿ ಆ ಸಂತೆಯ ದಿನಗಳು ಇಂದಿಗೂ ಉಳಿದಿವೆ. ಅಲ್ಲಿನ ಗೋಡೆ ಕ್ಯಾಲೆಂಡರುಗಳಲ್ಲಿ ತಾರೀಖಿನ ಕೆಳಗೆ ಸಣ್ಣ ಅಕ್ಷರದಲ್ಲಿ ಆ ದಿನದ ಪಸಾರನ್ ಅಚ್ಚಾಗಿರುತ್ತದೆ. ಏಳು ಮತ್ತು ಐದರ ಈ ಎರಡು ಸುತ್ತುಗಳಲ್ಲಿ ಒಂದು ಜೋಡಿ ಮತ್ತೆ ಕೂಡಿಬರಲು 35 ದಿನ ಬೇಕು, ಆ ಅವಧಿಗೆ ಸೆಲಾಪನ್ ಎಂದು ಹೆಸರು. ನೀವು ಹುಟ್ಟಿದ ದಿನದ ಜೋಡಿಯೇ ನಿಮ್ಮ ವೆತೊನ್.

ಇನ್ನು ನೆಪ್ತು, ಅಂದರೆ ದಿನಗಳಿಗೆ ಕೊಟ್ಟ ಅಂಕೆ. ಭಾನುವಾರಕ್ಕೆ 5, ಸೋಮವಾರಕ್ಕೆ 4, ಮಂಗಳವಾರಕ್ಕೆ 3, ಬುಧವಾರಕ್ಕೆ 7, ಗುರುವಾರಕ್ಕೆ (ಅವರ ಕಮಿಸ್) 8, ಶುಕ್ರವಾರಕ್ಕೆ 6, ಶನಿವಾರಕ್ಕೆ 9. ಹಾಗೆಯೇ ಲೆಗಿಗೆ 5, ಪಾಹಿಂಗ್‌ಗೆ 9, ಪೊನ್‌ಗೆ 7, ವಗೆಗೆ 4, ಕ್ಲಿವೊನ್‌ಗೆ 8. ಎರಡನ್ನೂ ಕೂಡಿಸಬೇಕು. ಮಂಗಳವಾರ ವಗೆಗೆ 7 ಬರುತ್ತದೆ, ಅದಕ್ಕಿಂತ ಕಡಿಮೆ ಇಲ್ಲ. ಶನಿವಾರ ಪಾಹಿಂಗ್‌ಗೆ 18, ಅದಕ್ಕಿಂತ ಹೆಚ್ಚಿಲ್ಲ. ಈ ಮೊತ್ತವನ್ನು ಹಿಡಿದು ಪ್ರಿಂಬೊನ್ ಎಂಬ ಕೈಪಿಡಿಗಳು ಸ್ವಭಾವ ಹೇಳುತ್ತವೆ: 13 ಬಂದವರದು ನಕ್ಷತ್ರದ ನಡೆ, 14ರವರದು ಚಂದ್ರನದು, 15ರವರದು ಸೂರ್ಯನದು, 16ರವರದು ನೀರಿನದು, 17ರವರದು ಭೂಮಿಯದು. ಸೂರ್ಯನ ನಡೆಯವರು ಸುತ್ತಲಿನವರಿಗೆ ಬೆಳಕಾಗುತ್ತಾರೆ, ಅವರ ಮಾತಿಗೆ ತೂಕವಿರುತ್ತದೆ ಎಂಬ ಧಾಟಿಯಲ್ಲಿ ವಿವರಣೆ ಸಾಗುತ್ತದೆ. ನಿಮ್ಮ ಸಹೋದ್ಯೋಗಿ ಹೇಳಿದ್ದು ಬಹುಶಃ ಇದನ್ನೇ.

ಸೂರ್ಯ, ಚಂದ್ರ, ನಕ್ಷತ್ರ ಎಂಬ ಹೆಸರುಗಳು ಕಿವಿಗೆ ಬಿದ್ದ ಕೂಡಲೇ ನಮ್ಮವರ ಮುಖ ಅರಳುತ್ತದೆ, ‘ನೋಡಿ, ಗ್ರಹಗಳು ಬಂದೇ ಬಂದವು’ ಎನ್ನುತ್ತಾರೆ. ದಯವಿಟ್ಟು ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಓದಿ. ಅದರಲ್ಲಿ ಸೂರ್ಯ ಯಾವ ರಾಶಿಯಲ್ಲಿದ್ದ, ಚಂದ್ರ ಯಾವ ನಕ್ಷತ್ರದಲ್ಲಿದ್ದ ಎಂಬ ಮಾತು ಎಲ್ಲಿಯೂ ಇಲ್ಲ. ಲಗ್ನವಿಲ್ಲ, ಹುಟ್ಟಿದ ಊರಿನ ಅಕ್ಷಾಂಶ ರೇಖಾಂಶಗಳಿಲ್ಲ, ಘಳಿಗೆ ವಿಘಳಿಗೆಗಳಿಲ್ಲ. ಆಕಾಶವನ್ನೇ ನೋಡದೆ, ಮೋಡ ಕವಿದ ವರ್ಷವಿಡೀ, ಬರಿಯ ಬೆರಳೆಣಿಕೆಯಿಂದ ನಡೆಸಿಕೊಂಡು ಹೋಗಬಹುದಾದ ಪದ್ಧತಿ ಇದು. ‘ಸೂರ್ಯನ ನಡೆ’ ಎಂಬುದು 15 ಎಂಬ ಅಂಕೆಗೆ ಕೊಟ್ಟ ಅಲಂಕಾರವಷ್ಟೇ. ಆ ದಿನ ಸೂರ್ಯ ಎಲ್ಲಿದ್ದ ಎಂದು ಯಾರೂ ಕೇಳುವುದಿಲ್ಲ.

ಶನಿವಾರದ ವಿಷಯವನ್ನೇ ತೆಗೆದುಕೊಳ್ಳಿ. ಶನಿಯ ಹೆಸರು ಕೇಳಿದರೆ ಎಳ್ಳೆಣ್ಣೆ ದೀಪ ಹಚ್ಚಲು ಓಡುವ ನಾವು, ಏಳು ವಾರಗಳಲ್ಲಿ ಅತಿ ದೊಡ್ಡ ಅಂಕೆ ಶನಿವಾರಕ್ಕೆ ಸಿಕ್ಕಿದ್ದು ಯಾವ ಗ್ರಹಬಲದಿಂದ ಎಂದು ವಿವರಿಸಬೇಕಾಗುತ್ತದೆ, ವಿವರಿಸಲಾರೆವು. ದಿನದ ಆರಂಭವೂ ಬೇರೆ. ನಮ್ಮ ಪಂಚಾಂಗಕ್ಕೆ ಸೂರ್ಯೋದಯದಿಂದ ದಿನ ಮೊದಲಾಗುತ್ತದೆ, ಜಾವಾದಲ್ಲಿ ಸೂರ್ಯಾಸ್ತದಿಂದ. ಗುರುವಾರ ರಾತ್ರಿ ಎಂಟಕ್ಕೆ ಹುಟ್ಟಿದ ಮಗು ನಮ್ಮ ಲೆಕ್ಕದಲ್ಲಿ ಗುರುವಾರದ್ದು, ಅವರ ಲೆಕ್ಕದಲ್ಲಿ ಶುಕ್ರವಾರದ್ದು. ಅಲ್ಲಿಗೆ ಪಸಾರನ್ ಕೂಡ ಮುಂದಿನದಾಗಿ, ನೆಪ್ತುವೇ ಬದಲಾಗುತ್ತದೆ.

‘ಆದರೆ ಸೀತೆಯ ಹೆಸರಿನ ವಾರವೇ ಇದೆಯಲ್ಲ’ ಎಂದು ವಾದಿಸುವವರೂ ಇದ್ದಾರೆ. ಇದೆ, ನಿಜ. ಜಾವಾ ಮತ್ತು ಬಾಲಿಗಳಲ್ಲಿ ಏಳು ದಿನಗಳ ಮೂವತ್ತು ವಾರಗಳ, ಒಟ್ಟು 210 ದಿನಗಳ ಇನ್ನೊಂದು ಚಕ್ರವಿದೆ, ಅದರ ಒಂದೊಂದು ವಾರಕ್ಕೆ ವುಕು ಎನ್ನುತ್ತಾರೆ, ಮೊದಲನೆಯ ವುಕುವಿನ ಹೆಸರು ಸಿಂತಾ. ಆದರೆ ಈಕೆ ರಾಮನ ಪತ್ನಿಯಲ್ಲ. ಅಲ್ಲಿನ ಕಥೆಯ ಪ್ರಕಾರ ವತುಗುನುಂಗ್ ಎಂಬ ರಾಜನು ತಿಳಿಯದೆ ಮದುವೆಯಾದ ಸ್ವಂತ ತಾಯಿಯೇ ಸಿಂತಾ. ಆಕೆ, ಇನ್ನೊಬ್ಬ ರಾಣಿ ಲಂಡೆಪ್, ಇಪ್ಪತ್ತೇಳು ಗಂಡುಮಕ್ಕಳು ಮತ್ತು ಆ ರಾಜ ಸೇರಿ ಮೂವತ್ತು ವುಕುಗಳಾದವು. ರಾಮಾಯಣದಲ್ಲಿ ಇದಕ್ಕೆ ಜಾಗ ಹುಡುಕುವ ಶ್ರಮ ಬೇಡ.

ಹಾಗಾದರೆ ಭಾರತದ ಸಂಪರ್ಕವೇ ಇಲ್ಲವೇ ಎಂದರೆ, ಇದೆ. ಅದು ನಮ್ಮವರು ಹುಡುಕುವ ಜಾಗದಲ್ಲಿಲ್ಲ, ಅಷ್ಟೇ. ಏಳು ದಿನಗಳ ವಾರ ಮತ್ತು ಶಕವರ್ಷ ಭಾರತದಿಂದ ಹೋದವು. ಒಂಬತ್ತು, ಹತ್ತನೆಯ ಶತಮಾನಗಳ ಜಾವಾ ಶಾಸನಗಳಲ್ಲಿ ಪಕ್ಷ, ತಿಥಿ, ನಕ್ಷತ್ರ, ಯೋಗಗಳ ಪಕ್ಕದಲ್ಲಿಯೇ ಐದು ದಿನಗಳ ಮತ್ತು ಆರು ದಿನಗಳ ಅವರದೇ ವಾರಗಳನ್ನೂ ಕೆತ್ತಿದ್ದಾರೆ. ಅಂದರೆ ನಮ್ಮ ಪಂಚಾಂಗವನ್ನು ಅವರು ಕಂಡಿದ್ದರು, ಬಳಸಿದ್ದರು. ಜನರ ಬಾಯಲ್ಲಿ ಕೊನೆಗೆ ಉಳಿದದ್ದು ಮಾತ್ರ ಸಂತೆಯ ಎಣಿಕೆ. 1633ರಲ್ಲಿ ಮತಾರಾಮ್ ರಾಜ್ಯದ ಸುಲ್ತಾನ ಅಗುಂಗ್ ಕಾಲಗಣನೆಯನ್ನು ತಿದ್ದಿ, ಶಕ 1555 ಎಂಬ ಅಂಕೆಯನ್ನು ಹಾಗೆಯೇ ಮುಂದುವರಿಸಿ, ಅದರೊಳಕ್ಕೆ ಇಸ್ಲಾಮೀ ಚಾಂದ್ರಮಾನವನ್ನು ತಂದನು. ಈ ಚಾಂದ್ರಮಾನ ವರ್ಷ ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಅವರ ಅಂಕೆ ವೇಗವಾಗಿ ಓಡುತ್ತದೆ: 2025ರ ಮಧ್ಯದಲ್ಲಿ ನಮ್ಮ ಶಕವರ್ಷ 1947 ಆಗಿದ್ದಾಗ ಜಾವಾದಲ್ಲಿ 1959 ಶುರುವಾಯಿತು. ಇಷ್ಟೆಲ್ಲ ಬದಲಾದರೂ ಪಸಾರನ್ ಸುತ್ತು ಒಂದು ದಿನವೂ ಕದಲಲಿಲ್ಲ. ಆ ಹೊಸ ಗಣನೆ ಆರಂಭವಾದ 1633ರ ಜುಲೈ 8 ಶುಕ್ರವಾರ ಲೆಗಿ. ಇಂಡೊನೇಷ್ಯಾ ಸ್ವಾತಂತ್ರ್ಯ ಸಾರಿದ 1945ರ ಆಗಸ್ಟ್ 17 ಕೂಡ ಶುಕ್ರವಾರ ಲೆಗಿ. ನಡುವಿನ 1,13,995 ದಿನಗಳನ್ನು 35ರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ.

ಈ ಎರಡನೆಯ ತಾರೀಖನ್ನು ನೆನಪಿಟ್ಟುಕೊಂಡರೆ ಯಾರ ವೆತೊನನ್ನಾದರೂ ನೀವೇ ಕಂಡುಹಿಡಿಯಬಹುದು. ಮೊದಲ ಅಧ್ಯಕ್ಷ ಸುಕರ್ನೊ ಹುಟ್ಟಿದ್ದು 1901ರ ಜೂನ್ 6ರ ಬೆಳಗಿನ ಜಾವ. ಅಲ್ಲಿಂದ 1945ರ ಆಗಸ್ಟ್ 17ಕ್ಕೆ 16,143 ದಿನ. 35ರಿಂದ ಭಾಗಿಸಿದರೆ ಶೇಷ 8. ಶುಕ್ರವಾರ ಲೆಗಿಯಿಂದ ಎಂಟು ದಿನ ಹಿಂದಕ್ಕೆ ಎಣಿಸಿದರೆ ಗುರುವಾರ ಪೊನ್ ಬರುತ್ತದೆ, ನೆಪ್ತು 8 ಮತ್ತು 7 ಸೇರಿ 15. ಅಂದರೆ ನಿಮ್ಮದೇ ವೆತೊನ್, ಅಭಿನಂದನೆಗಳು. ಅವರನ್ನು ಅಧಿಕಾರದಿಂದ ಇಳಿಸಿ ಮೂವತ್ತು ವರ್ಷ ಆಳಿದ ಸುಹಾರ್ತೊ ಹುಟ್ಟಿದ ತಾರೀಖು 1921ರ ಜೂನ್ 8, ಬುಧವಾರ ಕ್ಲಿವೊನ್. 7 ಮತ್ತು 8 ಸೇರಿ ಅಲ್ಲಿಯೂ 15. ಮೈಕಿನ ಮುಂದೆ ಲಕ್ಷಾಂತರ ಜನರನ್ನು ಕುಣಿಸುತ್ತಿದ್ದ ಮಾತುಗಾರ ಒಬ್ಬರು, ಮುಗುಳ್ನಗೆಯ ಹಿಂದೆ ಮಾತನ್ನೆಲ್ಲ ಬಚ್ಚಿಟ್ಟುಕೊಂಡ ಸೇನಾಧಿಕಾರಿ ಇನ್ನೊಬ್ಬರು; ಇಬ್ಬರದೂ ಸೂರ್ಯನ ನಡೆಯೇ. ಒಬ್ಬರ ಕೊನೆಯ ದಿನಗಳು ಇನ್ನೊಬ್ಬರ ಕಾವಲಿನಲ್ಲಿ ಕಳೆದವು. ಹೊಂದಾಣಿಕೆ ನೋಡುವವರು ಎರಡು ನೆಪ್ತುಗಳನ್ನು ಕೂಡಿಸಿ, ಭಾಗಿಸಿ, ಶೇಷಕ್ಕೆ ಫಲ ಹೇಳುತ್ತಾರೆ. ಇವರಿಬ್ಬರ ಮೊತ್ತ 30ನ್ನು ಎಂಟರಿಂದ ಭಾಗಿಸುವ ಕ್ರಮದಲ್ಲಿ ‘ಪಾಡು’, ಅಂದರೆ ಜಗಳ ಬರುತ್ತದೆ, ಒಂಬತ್ತರಿಂದ ಭಾಗಿಸುವ ಕ್ರಮದಲ್ಲಿ ‘ಜೊಡೊ’, ಅಂದರೆ ಒಳ್ಳೆಯ ಜೋಡಿ. ಯಾವ ಕೈಪಿಡಿ ಕೈಗೆ ಸಿಕ್ಕಿತು ಎಂಬುದರ ಮೇಲೆ ಎಷ್ಟೋ ಮದುವೆಗಳ ಮಾತುಕತೆ ನಿಂತಿರುತ್ತದೆ. ಇದು ಭವಿಷ್ಯವಲ್ಲ, ತಲೆಮಾರುಗಳಿಂದ ಗಮನಿಸಿ ಕಂಡುಕೊಂಡ ‘ಇಲ್ಮು ತಿತೆನ್’ ಎಂದು ಜಾವಾದ ಹಿರಿಯರು ಹೇಳುತ್ತಾರೆ. ಗಮನಿಸುವ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ಆದರೆ ಫಲ ತಪ್ಪಿದ ಸಂದರ್ಭಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟವರು ಯಾರು?

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನನಗೆ ವೆತೊನ್‌ಗಿಂತ ಇದೇ ಹೆಚ್ಚು ಕುತೂಹಲದ್ದು. ಹಣೆಬರಹ ಅಂಕೆಯಲ್ಲಿ ಮುಗಿದುಹೋಯಿತೆಂದು ಜಾವಾದವರು ಕೈಕಟ್ಟಿ ಕೂರುವುದಿಲ್ಲ. ಒಂಟಿ ಮಗುವೋ, ‘ಪಾಂಡವ’ ಎನಿಸಿಕೊಳ್ಳುವ ಐದು ಗಂಡುಮಕ್ಕಳೋ ಇದ್ದರೆ ಅವರು ಬತಾರ ಕಾಲ ಎಂಬ ದೈವದ ಬಾಯಿಗೆ ಬೀಳುವ ಸರದಿಯವರೆಂದು ನಂಬಿ, ತೊಗಲುಗೊಂಬೆಯಲ್ಲಿ ಮುರ್ವಕಾಲ ಪ್ರಸಂಗವನ್ನು ಆಡಿಸಿ, ರುವಾತನ್ ಎಂಬ ಶಾಂತಿ ಮಾಡಿಸುತ್ತಾರೆ. ಮಗುವಿನ ವೆತೊನ್ ಬಂದ ದಿನ ಕೆಂಪು ಮತ್ತು ಬಿಳಿ ಗಂಜಿ ಬೇಯಿಸಿ ನೆರೆಯವರಿಗೆ ಹಂಚುತ್ತಾರೆ. ದೊಡ್ಡವರಾದ ಮೇಲೆ ಆ ದಿನ ಉಪವಾಸವಿರುವವರೂ ಉಂಟು. ಮಗು ಪದೇ ಪದೇ ಕಾಯಿಲೆ ಬಿದ್ದರೆ ಇಟ್ಟ ಹೆಸರನ್ನು ಹೊರಲಾರದೆ ಹೀಗಾಗಿದೆ ಎಂದು ತೀರ್ಮಾನಿಸಿ ಹೆಸರನ್ನೇ ಬದಲಿಸುತ್ತಾರೆ. ಸುಕರ್ನೊ ಅವರಿಗೆ ಮೊದಲು ಇಟ್ಟ ಹೆಸರು ಕುಸ್ನೊ. ಹುಡುಗ ಸದಾ ರೋಗಿಯಾಗಿರುತ್ತಿದ್ದುದರಿಂದ, ಶಾಲಾಶಿಕ್ಷಕರಾಗಿದ್ದ ತಂದೆ ಮಹಾಭಾರತದ ಕರ್ಣನ ಹೆಸರನ್ನು ಅವನಿಗೆ ಇಟ್ಟರು. ವೆತೊನ್ ಮಾತ್ರ ಕುಸ್ನೊಗೂ ಗುರುವಾರ ಪೊನ್, ಸುಕರ್ನೊಗೂ ಗುರುವಾರ ಪೊನ್. ಆ ಮನೆಯವರು ಮಗ ಉಳಿಯಲೆಂದು ನೆಚ್ಚಿಕೊಂಡದ್ದು ಹೊಸ ಹೆಸರನ್ನು.