ಎಬೋಲಾ ಹಬ್ಬಿದ ಊರಲ್ಲಿ ಮಾನವಶಾಸ್ತ್ರಜ್ಞರಿಗೇನು ಕೆಲಸ?

ಪ್ರಶ್ನೆ: ಸಾಂಕ್ರಾಮಿಕ ರೋಗ ಬಂದಾಗ ಬೇಕಾದದ್ದು ಡಾಕ್ಟರು, ಔಷಧಿ. ಜನರ ಆಚಾರ–ಸಂಪ್ರದಾಯ ಕೇಳುತ್ತ ಕೂತರೆ ಮೂಢನಂಬಿಕೆಗೆ ಮಣೆ ಹಾಕಿದಂತಾಗುವುದಿಲ್ಲವೇ?

ಉತ್ತರ: 2014ರಲ್ಲಿ ಎಬೋಲಾ ಪಶ್ಚಿಮ ಆಫ್ರಿಕಾವನ್ನು ಆವರಿಸಿದಾಗ ಅದಕ್ಕೆ ಮಂಜೂರಾದ ಲಸಿಕೆಯೂ ಇರಲಿಲ್ಲ, ಔಷಧಿಯೂ ಇರಲಿಲ್ಲ. ರೋಗಿಯನ್ನು ಬೇರೆ ಇಡಬೇಕು, ಅವರೊಡನೆ ಇದ್ದವರ ಮೇಲೆ 21 ದಿನ ಕಣ್ಣಿಡಬೇಕು, ಹೆಣ ಮುಟ್ಟದಂತೆ ನೋಡಿಕೊಳ್ಳಬೇಕು. ಇದ್ದ ದಾರಿ ಇಷ್ಟೇ. ಮನೆಯವರು ಒಪ್ಪದೆ ಇವುಗಳಲ್ಲಿ ಒಂದೂ ನಡೆಯುವುದಿಲ್ಲ.

ಮೂರರಲ್ಲಿ ಕಷ್ಟದ್ದು ಹೆಣದ ವಿಷಯ. ಸಾಯುವ ಹೊತ್ತಿಗೆ ದೇಹದಲ್ಲಿ ವೈರಸ್ ವಿಪರೀತ ಹೆಚ್ಚಿರುತ್ತದೆ. ಹೆಣಕ್ಕೆ ಸ್ನಾನ ಮಾಡಿಸುವವರು ಹತ್ತಿರದ ಬಂಧುಗಳೇ. ಹೀಗಾಗಿ ಒಂದು ಸಾವಿನಿಂದ ಇಡೀ ಮನೆಗೆ ಸೋಂಕು ತಗಲುತ್ತಿತ್ತು.

ಲೈಬೀರಿಯಾ ಸರ್ಕಾರ ಆ ವರ್ಷ ಆಗಸ್ಟ್‌ನಲ್ಲಿ ರಾಜಧಾನಿ ಮಾನ್ರೋವಿಯಾದಲ್ಲಿ ಹೆಣ ಸುಡುವುದನ್ನೇ ಕಡ್ಡಾಯ ಮಾಡಿತು. ವೈರಸ್ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಸುಡುವ ರೂಢಿಯೇ ಇಲ್ಲದ ದೇಶವದು. ಬಳಸಿದ್ದು ಅಲ್ಲಿನ ಭಾರತೀಯ ಸಮುದಾಯದ ಚಿತಾಗಾರವನ್ನು! ಮಾರ್ಚ್ ತಿಂಗಳ ಎರಡನೇ ಬುಧವಾರ ಗೋರಿಗಳನ್ನು ತೊಳೆದು ಸುಣ್ಣ ಬಳಿಯುವ ಜನಕ್ಕೆ ಗೋರಿಯೇ ಇಲ್ಲವಾಯಿತು. ರೋಗಿಗಳನ್ನು ಬಚ್ಚಿಡುವುದು, ರಾತ್ರೋರಾತ್ರಿ ಗುಟ್ಟಾಗಿ ಹೂಳುವುದು ಶುರುವಾಯಿತು. ಡಿಸೆಂಬರ್‌ನಲ್ಲಿ ಡಿಸ್ಕೋ ಹಿಲ್ ಎಂಬಲ್ಲಿ ಹೂಳುವ ಜಾಗ ಮಾಡಿ ಸುಡುವುದನ್ನು ಕೈಬಿಡಬೇಕಾಯಿತು.

ಮಾನವಶಾಸ್ತ್ರಜ್ಞರು ಕೇಳುವ ಪ್ರಶ್ನೆ ಬೇರೆ: ಈ ಸಂಸ್ಕಾರದಲ್ಲಿ ಸೋಂಕು ತರುವುದು ಯಾವ ಕ್ರಿಯೆ, ಬಿಡಲಾಗದ್ದು ಯಾವುದು? ಬಹಳ ಸಲ ಎರಡೂ ಒಂದೇ ಆಗಿರುವುದಿಲ್ಲ. ಅವರ ಸಲಹೆಯೂ ಸೇರಿ 2014ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ, ಹೆಣ ಹೂಳುವ 12 ಹಂತದ ಕ್ರಮ ನೋಡಿ. ಹೂಳುವ ತಂಡ ಮನೆಗೆ ಬರುವಾಗ ರಕ್ಷಣಾ ಉಡುಪು ತೊಟ್ಟಿರಬಾರದು. ಮೊದಲು ಮುಖ ತೋರಿಸಿ ಸಂತಾಪ ಹೇಳಬೇಕು, ಮನೆಯವರಿಗೆ ಏನೇನು ಆಗಬೇಕೆಂದು ಕೇಳಬೇಕು, ಆಮೇಲೆ ಉಡುಪು. ಹೆಣ ಚೀಲದೊಳಗೆ ಹೋಗುತ್ತದೆ, ಚೀಲಕ್ಕೆ ಶೇ 0.5ರ ಕ್ಲೋರಿನ್ ದ್ರಾವಣ ಸಿಂಪಡಿಸುತ್ತಾರೆ. ಮುಸ್ಲಿಮರಾದರೆ ನೀರಿನ ಸ್ನಾನದ ಬದಲು ತಯಮ್ಮುಮ್, ಅಂದರೆ ಮರಳು ಇಲ್ಲವೇ ಕಲ್ಲು ಮುಟ್ಟಿ ಮಾಡುವ ಒಣ ಶುದ್ಧಿ. ಗುಂಡಿ ತೋಡುವುದು, ಪ್ರಾರ್ಥನೆ ಮನೆಯವರದು. ಸ್ನಾನದ ವಿಷಯದಲ್ಲಿ ಮಾತ್ರ ಚೌಕಾಸಿಯೇ ಇಲ್ಲ.

ಕೆಡುವುದೂ ಇಲ್ಲೇ. ತಂಡದ ವ್ಯಾನು ತಡವಾದರೆ ಅಷ್ಟರಲ್ಲಿ ಹೆಣ ತೊಳೆದಾಗಿರುತ್ತದೆ. ದ್ರಾವಣದ ಲೆಕ್ಕವೂ ತಪ್ಪಬಾರದು: ಶೇ 5ರ ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿದರೆ ಶೇ 0.5, ಅದನ್ನೇ ಮತ್ತೆ ಹತ್ತು ಪಟ್ಟು ತೆಳುಗೊಳಿಸಿದರೆ ಕೈ ತೊಳೆಯುವ ಶೇ 0.05. ನಿನ್ನೆ ಕಲಸಿಟ್ಟದ್ದನ್ನು ಇವತ್ತು ನೆಚ್ಚಬಾರದು, ಕ್ಲೋರಿನ್ ಬಿಸಿಲಿಗೆ, ಗಾಳಿಗೆ ಸತ್ವ ಕಳೆದುಕೊಳ್ಳುತ್ತದೆ.

ಇನ್ನು ಮೂಢನಂಬಿಕೆಯ ಮಾತು. 2000ದಲ್ಲಿ ಉಗಾಂಡದ ಗುಲುವಿನಲ್ಲಿ ಎಬೋಲಾ ಬಂದಾಗ ಅಚೋಲಿ ಜನರ ಬಳಿ ಸಾಂಕ್ರಾಮಿಕಕ್ಕೆಂದೇ ಕಟ್ಟಳೆ ಇದ್ದದ್ದನ್ನು ಬ್ಯಾರಿ ಹ್ಯೂಲೆಟ್ ಎಂಬ ಮಾನವಶಾಸ್ತ್ರಜ್ಞರು ದಾಖಲಿಸಿದರು. ಇಂಥ ಪಿಡುಗನ್ನು ಅಚೋಲಿಗಳು 'ಗೆಮೊ' ಎನ್ನುತ್ತಾರೆ; ಅದು ಗಾಳಿಯಂತೆ ಬಂದೆರಗುವ ದುಷ್ಟ ಶಕ್ತಿ. ರೋಗಿಯನ್ನು ಬೇರೆ ಮನೆಗಳಿಂದ ಕನಿಷ್ಠ 100 ಮೀಟರ್ ದೂರದ ಗುಡಿಸಲಲ್ಲಿ ಇಡಬೇಕು. ಒಮ್ಮೆ ರೋಗ ಬಂದು ಬದುಕಿದವರೇ ಆರೈಕೆ ಮಾಡಬೇಕು. ಗುಡಿಸಲಿಗೆ ಆನೆಹುಲ್ಲಿನ ಉದ್ದದ ಕೋಲು ನೆಟ್ಟು ಗುರುತು ಮಾಡಬೇಕು. ಕುಣಿತ, ಕೂಟ ಇಲ್ಲ. ಗುಣವಾದವರೂ ಒಂದು ಚಾಂದ್ರಮಾಸ ಕಳೆದ ಮೇಲೆಯೇ ಊರೊಳಗೆ ಬರಬೇಕು. ಹೆಣ ಹೂಳುವುದು ಮನೆಯಂಗಳದಲ್ಲಲ್ಲ, ಊರಂಚಿನಲ್ಲಿ. ಕಾರಣದ ವಿವರಣೆ ನಮಗೆ ಒಪ್ಪಿಗೆಯಾಗಬೇಕಿಲ್ಲ. ಕಟ್ಟಳೆಯಂತೂ ಯಾವ ಆರೋಗ್ಯ ಇಲಾಖೆಯ ಸುತ್ತೋಲೆಗೂ ಕಮ್ಮಿಯಿಲ್ಲ. ಹಾಗೆಂದು ಊರಿನ ಪದ್ಧತಿಯೆಲ್ಲ ಇಷ್ಟು ಅನುಕೂಲವಾಗಿ ಒದಗುವುದಿಲ್ಲ.

ಸೋಂಕು ತರುವುದು ಯಾವುದು, ಬಿಡಲಾಗದ್ದು ಯಾವುದು ಎಂಬ ಈ ವಿಂಗಡಣೆ ನಮ್ಮಲ್ಲೂ ನಡೆದಿದೆ. 2020ರ ಮಾರ್ಚ್‌ನ ಕೇಂದ್ರ ಆರೋಗ್ಯ ಸಚಿವಾಲಯದ ಕೋವಿಡ್ ಮಾರ್ಗಸೂಚಿ ಚೀಲದ ಜಿಪ್ ಮುಖದವರೆಗೆ ತೆಗೆದು ತೋರಿಸಲು, ಮಂತ್ರ ಹೇಳಲು, ತೀರ್ಥ ಚಿಮುಕಿಸಲು ಅವಕಾಶ ಕೊಟ್ಟಿತ್ತು. ಸ್ನಾನ ಮಾಡಿಸುವುದು, ಅಪ್ಪಿಕೊಳ್ಳುವುದು ಬೇಡವೆಂದಿತ್ತು. ಅಸ್ಥಿಬೂದಿಯಿಂದ ಅಪಾಯವಿಲ್ಲವೆಂದೂ ಬರೆದಿತ್ತು. ಆದರೂ ಅದೇ ವರ್ಷ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಹೆಣಗಳನ್ನು ಗುಂಡಿಗೆ ಎಸೆಯುವ ವಿಡಿಯೊ ಹೊರಬಂತು. ಜಿಲ್ಲಾಡಳಿತ ಕ್ಷಮೆ ಕೇಳಿ ಇಡೀ ತಂಡವನ್ನೇ ಬದಲಿಸಿತು.