ಮೇಷ್ಟ್ರುಗಳಿಗೋಸ್ಕರ ಹುದ್ದೆ ಬಿಟ್ಟ ಸಂತ

ನಾನು ಪಾಠ ಮಾಡೋದು ಟೀಚರ್ ಟ್ರೇನಿಂಗ್ ಕಾಲೇಜಲ್ಲಿ. ಶಿಕ್ಷಣದ ಇತಿಹಾಸ ಅಂದ್ರೆ ರೂಸೋ, ಫ್ರೋಬೆಲ್, ಮಾಂಟೆಸ್ಸೊರಿ ಎಲ್ಲ ಬರ್ತಾರೆ, ಆದ್ರೆ ಮೇಷ್ಟ್ರಿಗೂ ತರಬೇತಿ ಬೇಕು ಅಂತ ಮುನ್ನೂರು ವರ್ಷದ ಹಿಂದೆಯೇ ಹಟ ಹಿಡಿದ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಹೆಸರು ಹೇಳಿದ್ರೆ ನಮ್ಮ ವಿದ್ಯಾರ್ಥಿಗಳು ಮುಖ ಮುಖ ನೋಡ್ಕೋತಾರೆ, ನನಗೆ ಬೇಜಾರಾಗುತ್ತೆ.

1651ರಲ್ಲಿ ಫ್ರಾನ್ಸ್‌ನ ರೀಮ್ಸ್ ಊರಲ್ಲಿ ಅನುಕೂಲಸ್ಥರ ಮನೇಲಿ ಹುಟ್ಟಿದವರು. ಇನ್ನೂ ಹುಡುಗನಾಗಿದ್ದಾಗಲೇ, 1667ರಲ್ಲಿ, ಅಲ್ಲಿನ ಕ್ಯಾಥೆಡ್ರಲ್‌ನಲ್ಲಿ, ಅಂದ್ರೆ ಬಿಷಪ್ಪರ ಮುಖ್ಯ ಚರ್ಚಲ್ಲಿ, ಕ್ಯಾನನ್ (ಆ ಚರ್ಚಿನ ಮಂಡಳಿಯ ಸದಸ್ಯ) ಅನ್ನೋ ಹುದ್ದೆ ಸಿಕ್ತು, ಅದಕ್ಕೆ ಒಳ್ಳೆ ವರಮಾನ, ಮರ್ಯಾದೆ ಎರಡೂ ಇತ್ತು. 1678ರಲ್ಲಿ ದೀಕ್ಷೆ ತಗೊಂಡು ಪಾದ್ರಿ ಆದ್ರು. ಮಾರನೇ ವರ್ಷ ಆಡ್ರಿಯನ್ ನಿಯೆಲ್ ಅನ್ನೋರು ಬಡ ಹುಡುಗರಿಗೆ ಉಚಿತ ಶಾಲೆ ತೆರೀಬೇಕು ಅಂತ ಊರಿಗೆ ಬಂದ್ರು, ಇವರು ಸುಮ್ನೆ ಒಂದಿಷ್ಟು ಸಹಾಯ ಮಾಡೋಣ ಅಂತ ಕೈ ಹಾಕಿದ್ರು ಅಷ್ಟೇ. ಆದ್ರೆ ಮೇಷ್ಟ್ರುಗಳಿಗೆ ಪಾಠ ಮಾಡೋ ಕ್ರಮವೇ ಗೊತ್ತಿಲ್ಲ, ಹೇಳಿಕೊಡೋರೂ ಇಲ್ಲ. ಮೊದಮೊದಲು ಆ ಮೇಷ್ಟ್ರುಗಳನ್ನ ತಮ್ಮ ಮನೆ ಆಳಿಗಿಂತ ಕೆಳಗೆ ಎಣಿಸ್ತಿದ್ದೆ ಅಂತ ಅವರೇ ಬರೆದಿದ್ದಾರೆ. ಅಂಥವರು 1681ರಲ್ಲಿ ಅವರನ್ನೆಲ್ಲ ತಮ್ಮ ಮನೆಗೇ ಕರ್ಕೊಂಡು ಬಂದು ಇರಿಸಿಕೊಂಡ್ರು, ನೆಂಟರಿಗೆಲ್ಲ ಸಿಟ್ಟು.

ಮುಂದೆ ಆಗಿದ್ದು ಇದೆಯಲ್ಲ, ಅದು ನನಗೆ ಬಹಳ ಮುಖ್ಯ. ದೇವರು ನೋಡ್ಕೋತಾನೆ, ನಾಳೆ ಬಗ್ಗೆ ಚಿಂತೆ ಬೇಡ ಅಂತ ಇವರು ಧೈರ್ಯ ಹೇಳಿದ್ರೆ ಆ ಮೇಷ್ಟ್ರುಗಳು ನೇರವಾಗಿ ಕೇಳಿದ್ರಂತೆ, ನಿಮಗೇನು ಸ್ವಾಮಿ, ಹುದ್ದೆ ಇದೆ ಆಸ್ತಿ ಇದೆ, ಶಾಲೆ ಮುಚ್ಚಿದ್ರೆ ಬೀದಿಗೆ ಬೀಳೋರು ನಾವು ತಾನೆ ಅಂತ. ಅದಕ್ಕೆ ಅವರು ಬಾಯಲ್ಲಿ ಉತ್ತರ ಕೊಡೋಕೆ ಹೋಗ್ಲಿಲ್ಲ, 1683ರಲ್ಲಿ ಕ್ಯಾನನ್ ಹುದ್ದೆನೇ ಬಿಟ್ರು, ಆ ಚಳಿಗಾಲದಲ್ಲಿ ಬರ ಬಂದಾಗ ತಮ್ಮ ಪಾಲಿನ ದುಡ್ಡನ್ನ ಹಸಿದವರ ರೊಟ್ಟಿಗೆ ಸುರಿದ್ರು. ಸಂಬಳ, ಭದ್ರತೆ ಇಲ್ಲದ ಗೆಸ್ಟ್ ಟೀಚರ್‌ಗಳಿಗೆ ಸೇವಾ ಮನೋಭಾವದ ಬಗ್ಗೆ ಭಾಷಣ ಮಾಡೋರು ಇದನ್ನ ಒಂದ್ಸಲ ಓದಬೇಕು.

ಆ ಗುಂಪೇ ಕ್ರೈಸ್ತ ಶಾಲೆಗಳ ಬ್ರದರ್‌ಗಳ ಸಭೆ ಆಯ್ತು. ಇದರಲ್ಲಿ ಯಾರೂ ಪಾದ್ರಿ ಆಗೋ ಹಾಗಿಲ್ಲ, ಪಾಠ ಹೇಳೋದೇ ಪೂರ್ತಿ ಬದುಕು. ಒಬ್ಬೊಬ್ಬ ಹುಡುಗನನ್ನ ಹತ್ತಿರ ಕರೆದು ಓದಿಸೋ ಬದಲು ಮಟ್ಟ ನೋಡಿ ಗುಂಪು ಮಾಡಿ ಒಟ್ಟಿಗೆ ಪಾಠ ಮಾಡೋ ಕ್ರಮವನ್ನ ಇವರು ಗಟ್ಟಿ ಮಾಡಿದ್ರು. ಓದು ಲ್ಯಾಟಿನ್‌ನಿಂದಲೇ ಶುರುವಾಗಬೇಕು ಅನ್ನೋ ಕಾಲ ಅದು, ಶಾರ್ಟ್ರ್ ಊರಿನ ಬಿಷಪ್ಪರೂ ಹಾಗೇ ಅಂದಿದ್ರು. ಇವರು ಒಪ್ಪಲಿಲ್ಲ. ಬಡ ಮಕ್ಕಳು ಸ್ಕೂಲಲ್ಲಿ ಇರೋದೇ ಸ್ವಲ್ಪ ದಿನ, ಆಮೇಲೆ ಕೆಲಸಕ್ಕೆ ಹೋಗ್ತಾರೆ, ಲ್ಯಾಟಿನ್‌ನಲ್ಲೇ ಆ ದಿನ ಕಳೆದ್ರೆ ಅದೂ ಬರಲ್ಲ ಇದೂ ಬರಲ್ಲ, ಮನೆಮಾತು ಫ್ರೆಂಚಲ್ಲಿ ಮೊದಲು ಓದಲಿ ಅನ್ನೋದು ಅವರ ವಾದ.

ಪ್ಯಾರಿಸ್‌ನಲ್ಲಿ ಫೀಸು ತಗೊಂಡು ಬರವಣಿಗೆ ಕಲಿಸ್ತಿದ್ದವರ ಸಂಘ ಇವರ ಮೇಲೆ ಕೇಸ್ ಹಾಕ್ತು, ಉಚಿತ ಶಾಲೆಯಿಂದ ಅವರ ಹೊಟ್ಟೆಗೆ ಹೊಡೆತ ಬೀಳ್ತಿತ್ತಲ್ಲ. ದಂಡ ಬಿತ್ತು. ಅದರ ನಡುವೆಯೇ ಹಳಬ ಬ್ರದರ್‌ಗಳ ಜೊತೆ ಕೂತು ತರಗತಿ ನಡೆಸೋಕೆ ಒಂದು ಕೈಪಿಡಿ ಮಾಡಿದ್ರು, ಗೈರುಹಾಜರಾದ ಹುಡುಗ ಯಾಕೆ ಬರಲಿಲ್ಲ, ಅಪ್ಪ ಅಮ್ಮನ ಹತ್ರ ಏನು ಮಾತಾಡಬೇಕು ಅನ್ನೋದೂ ಅದರಲ್ಲಿದೆ. 1717ರಲ್ಲಿ ಮುಖ್ಯಸ್ಥನ ಜಾಗಕ್ಕೆ ಬ್ರದರ್‌ಗಳು ತಮ್ಮಲ್ಲೇ ಒಬ್ಬರನ್ನ ಆರಿಸಿಕೊಂಡ್ರು. 1719ರಲ್ಲಿ ರುವಾನ್‌ನಲ್ಲಿ ತೀರಿಕೊಳ್ಳೋವರೆಗೂ ಸ್ಥಾಪಕರಾದ ಲಾ ಸಾಲ್ ಆ ಹೊಸ ಮುಖ್ಯಸ್ಥರ ಮಾತು ಕೇಳ್ಕೊಂಡೇ ಇದ್ರು.