ರಾಕೆಟ್ ಸ್ಲೆಡ್ ವಿನ್ಯಾಸ: ಹಳಿಯ ಹಿಡಿತ ಮತ್ತು ನೀರಿನ ಬ್ರೇಕು

ರಾಕೆಟ್ ಸ್ಲೆಡ್ ಚಕ್ರವಿಲ್ಲದ ಗಾಡಿ. ಘನ ಇಂಧನದ ಮೋಟಾರುಗಳು ತಳ್ಳಿದಂತೆ ಉಕ್ಕಿನ ಹಳಿಯ ಮೇಲೆ ಜಾರುತ್ತದೆ. ಹೊಸದಾಗಿ ಓದುವವರ ಗಮನ ಮೊದಲು ಮೋಟಾರಿನ ಕಡೆಗೇ ಹೋಗುತ್ತದೆ, ಆದರೆ ವಿನ್ಯಾಸದ ನಿಜವಾದ ಕಷ್ಟವಿರುವುದು ಗಾಡಿ ಹಳಿ ಬಿಡದಂತೆ ನೋಡಿಕೊಳ್ಳುವುದರಲ್ಲಿ ಮತ್ತು ಅದನ್ನು ನಿಲ್ಲಿಸುವುದರಲ್ಲಿ.

ಹಳಿಯ ತಲೆಯನ್ನು ಮೇಲಿನಿಂದ, ಪಕ್ಕಗಳಿಂದ, ಅಂಚಿನ ಅಡಿಯಿಂದಲೂ ಆವರಿಸಿ ಹಿಡಿಯುವ ಲೋಹದ ಪಾದವೇ ಸ್ಲಿಪ್ಪರ್. ಅದು ಜಾರಬೇಕಾದರೆ ನಡುವೆ ಸ್ವಲ್ಪ ಸಂದು ಬೇಕು. ಆ ಸಂದಿನೊಳಗೇ ಸ್ಲೆಡ್ ಮೇಲೆ ಕೆಳಗೆ ಕುಟ್ಟಿಕೊಳ್ಳುವುದರಿಂದ, ಹಳಿಯ ಅತಿ ಸಣ್ಣ ಏರುಪೇರೂ ವೇಗ ಹೆಚ್ಚಿದಂತೆ ಸುತ್ತಿಗೆಯ ಏಟಾಗುತ್ತದೆ. ಸೆಕೆಂಡಿಗೆ ಸುಮಾರು 1.5 ಕಿ.ಮೀ. ದಾಟಿದರೆ ಏಟು ಬಿದ್ದಲ್ಲಿ ಉಕ್ಕೇ ಕಿತ್ತು, ಹಳಿಯ ಮೇಲೆ ಕಣ್ಣೀರ ಹನಿಯಾಕಾರದ ಗುಳಿಗಳು ಮೂಡುತ್ತವೆ.

ಗಾಳಿಯೂ ಅಡ್ಡಿಯೇ. ಅಮೆರಿಕದ ನ್ಯೂ ಮೆಕ್ಸಿಕೋದ ಹೊಲೊಮನ್ ಟ್ರ್ಯಾಕಿನಲ್ಲಿ 2003ರ ಏಪ್ರಿಲ್ 30ರಂದು ಸ್ಲೆಡ್ ಗಂಟೆಗೆ ಸುಮಾರು 10,385 ಕಿ.ಮೀ. ವೇಗ ಮುಟ್ಟಿದಾಗ ಹಳಿಯ ಒಂದು ಭಾಗವನ್ನು ಮುಚ್ಚಿ ಹೀಲಿಯಂ ತುಂಬಿದ್ದರು. ಗಾಳಿಯಲ್ಲಿ ಅದು ಮ್ಯಾಕ್ 8.5, ಅಂದರೆ ಶಬ್ದದ ವೇಗದ ಎಂಟೂವರೆ ಪಟ್ಟು; ಹೀಲಿಯಂನಲ್ಲಿ ಶಬ್ದದ ವೇಗವೇ ಸುಮಾರು ಮೂರು ಪಟ್ಟು ಹೆಚ್ಚಿರುವುದರಿಂದ ಅದೇ ವೇಗ ಮ್ಯಾಕ್ 3ರೊಳಗೆ ಉಳಿಯುತ್ತದೆ, ಬಿಸಿಯೂ ಎಳೆತವೂ ಇಳಿಯುತ್ತವೆ. ಎಷ್ಟು ಸರಳ, ಎಷ್ಟು ಸುಂದರ ಉಪಾಯ!

ಇನ್ನು ಬ್ರೇಕು. ಸ್ಲೆಡ್ಡಿನ ಅಡಿಯ ಸೌಟಿನಂಥ ಬಾಯಿ ಹಳಿಗಳ ನಡುವಿನ ನೀರನ್ನು ಮೊಗೆದು ಮುಂದಕ್ಕೆ ತಿರುಗಿಸಿ ಎಸೆಯುತ್ತದೆ. ಈ ತಡೆಯ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಮೊದಲ ಹೊಡೆತವೇ ಅತಿ ಕ್ರೂರ. 1954ರ ಡಿಸೆಂಬರ್ 10ರಂದು ವೈದ್ಯ ಜಾನ್ ಪಾಲ್ ಸ್ಟಾಪ್ ಗಂಟೆಗೆ 1,017 ಕಿ.ಮೀ. ವೇಗದಿಂದ 1.4 ಸೆಕೆಂಡಿನಲ್ಲಿ ನಿಂತರು. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 282 ಮೀಟರನ್ನು 1.4ರಿಂದ ಭಾಗಿಸಿದರೆ ಸರಾಸರಿ ಸುಮಾರು 20 ಜಿ (ಭೂಮಿಯ ಗುರುತ್ವ ವೇಗೋತ್ಕರ್ಷದ 20 ಪಟ್ಟು) ಬರುತ್ತದೆ, ಅವರ ದೇಹ ತಡೆದ ಗರಿಷ್ಠವೋ 46.2 ಜಿ. ಈ ಅಂತರ ತಗ್ಗಿಸಲೆಂದೇ ನೀರಿನ ಆಳವನ್ನು ಆರಂಭದಲ್ಲಿ ಕಡಿಮೆ ಇಟ್ಟು, ಮುಂದೆ ಮುಂದೆ ಹೆಚ್ಚಿಸುತ್ತಾರೆ.

ನಮ್ಮಲ್ಲಿ ಚಂಡೀಗಢದ ರಕ್ಷಣಾ ಸಂಶೋಧನೆಯ ಟಿಬಿಆರ್‌ಎಲ್ ಪ್ರಯೋಗಾಲಯಕ್ಕೆ ಸುಮಾರು 4 ಕಿ.ಮೀ. ಉದ್ದದ ಇಂಥ ಹಳಿಯಿದೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ಮುಂಭಾಗವನ್ನು 2025ರ ಡಿಸೆಂಬರಿನಲ್ಲಿ ಅಲ್ಲಿ ಜೋಡಿ ಸ್ಲೆಡ್ಡಿನ ಮೇಲೆ ಗಂಟೆಗೆ 800 ಕಿ.ಮೀ. ವೇಗದಲ್ಲಿ ಓಡಿಸಿ, ಪೈಲಟ್ ಪಾರಾಗುವ ವ್ಯವಸ್ಥೆಯನ್ನು ಪರೀಕ್ಷಿಸಿದರು. ವೇಗ ಬೇಕಾದ ಮಟ್ಟದಲ್ಲೇ ಇರುವಂತೆ ಮೋಟಾರುಗಳನ್ನು ಒಟ್ಟಿಗೇ ಹೊತ್ತಿಸದೆ ಹಂತ ಹಂತವಾಗಿ ಹೊತ್ತಿಸಿದ್ದರು.